ಸಿಮೆಂಟ್ ಹಾಕೋ ಮುಂಚೆ: ಹಿತ್ತಲಿಗೊಂದು ಯುಗಾದಿ ಪ್ಲಾನ್

ಈ ಸಲ ಯುಗಾದಿ ರಜೆಗೆ ಊರಿಗೆ ಹೋಗೋರೆಲ್ಲ ಬ್ಯಾಗಿನಲ್ಲಿ ಒಂದು ಅಳತೆ ಟೇಪು ಹಾಕ್ಕೊಂಡು ಹೋಗಿ. ಜೊತೆಗೆ ಒಂದು ಗ್ರಾಫ್ ಹಾಳೆ, ಒಂದು ಪೆನ್ಸಿಲ್. ಮನೆ ಹಿಂದೆ ಹತ್ತಡಿ ಮಣ್ಣಿದ್ದರೂ ಸಾಕು. ಆ ಹತ್ತಡಿಯನ್ನ ಹೇಗೆ ಪ್ಲಾನ್ ಮಾಡೋದು ಅನ್ನೋದೇ ಈ ಪಾಠ.

ನಾವು ನಾಲ್ಕು ಜನ ಸೆಕೆಂಡ್ ಇಯರ್‌ನೋರು. ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಇ.ಸಿ. ಉದಾಹರಣೆಗೆ ನಮ್ಮಲ್ಲಿ ಒಬ್ಬನ ಮನೆಯ ಹಿತ್ತಲನ್ನೇ ತಗೊಂಡಿದ್ದೇವೆ. ತುಮಕೂರಿನ ಹೊರವಲಯ, 40×60 ಸೈಟು, ದಕ್ಷಿಣಕ್ಕೆ ಮುಖ ಮಾಡಿದ ಒಂದು ಅಂತಸ್ತಿನ ಮನೆ. ಹಿಂದೆ, ಅಂದ್ರೆ ಉತ್ತರಕ್ಕೆ, 40 ಅಡಿ ಉದ್ದ, 18 ಅಡಿ ಅಗಲದ ಹಿತ್ತಲು. ಅಲ್ಲಿ ಈಗ ಒಂದು ಕರಿಬೇವಿನ ಗಿಡ, ಎರಡು ಬಾಳೆ, ಒಗೆಯೋ ಕಲ್ಲು, ಬಟ್ಟೆ ಒಣಗಿಸೋ ತಂತಿ, ಜೊತೆಗೆ ಒಂದು ಜಗಳ ಇದೆ.

ಜಗಳ ಸಿಮೆಂಟಿನದು. ಹೋದ ಮಳೆಗಾಲದಲ್ಲಿ ಅಜ್ಜಿ ಹಿಂಬಾಗಿಲ ಹತ್ತಿರ ಕೆಸರಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡ್ರು. ಅಂದಿನಿಂದ ಗೆಳೆಯನ ಅಪ್ಪ ಇಡೀ ಹಿತ್ತಲಿಗೆ ಸಿಮೆಂಟ್ ಹಾಕಿಸ್ತೀನಿ ಅಂತ ಕೂತಿದ್ದಾರೆ. ಮೇಸ್ತ್ರಿ ಬಂದು ಅಳತೆನೂ ತಗೊಂಡು ಹೋಗಿದ್ದಾರೆ. ಅಜ್ಜಿ ಮಾತ್ರ, "ನನ್ನ ಕೈ ಕೂಡ್ಕೊಂತು ಕಣಪ್ಪ, ಮಣ್ಣು ಮುಚ್ಚಿಬಿಟ್ರೆ ಆಮೇಲೆ ಎಲ್ಲಿಂದ ತರ್ತೀಯಾ?" ಅಂತಾರೆ. ಅಮ್ಮನ ಚಿಂತೆ ಬೇರೆ. ಹೋದ ಬೇಸಿಗೆಯಲ್ಲಿ ಬೋರು ಇಪ್ಪತ್ತು ನಿಮಿಷ ಓಡಿ ಗಾಳಿ ಬಿಡೋಕೆ ಶುರು ಮಾಡ್ತು, ವಾರಕ್ಕೊಂದು ಟ್ಯಾಂಕರ್ ತರಿಸಬೇಕಾಯ್ತು. ಮೂವರು ಹೇಳೋದೂ ಸರಿ. ಅದಕ್ಕೇ ಇದು ಒಳ್ಳೇ ಎಂಜಿನಿಯರಿಂಗ್ ಪ್ರಾಬ್ಲಂ.

ಪುಸ್ತಕದ ವಸಂತ, ನಮ್ಮ ವಸಂತ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ವಸಂತ ಅಂದ ಕೂಡಲೇ ಪಾಠಪುಸ್ತಕದ ಚಿತ್ರ ನೆನಪಾಗುತ್ತೆ. ಹಿಮ ಕರಗುತ್ತೆ, ನೆಲ ಒದ್ದೆಯಾಗುತ್ತೆ, ಜನ ಬೀಜ ಹಾಕ್ತಾರೆ. ಆ ದೇಶಗಳಿಗೆ ಅದು ಸರಿ. ಅಲ್ಲಿ ಚಳಿ ಕಳೆದು ಗಿಡ ಬೆಳೆಯೋ ಕಾಲ ಶುರುವಾಗೋದೇ ಆಗ. ನಮ್ಮ ಚೈತ್ರ ವೈಶಾಖ ಹಾಗಲ್ಲ. ಬೇವು ಹೂ ಬಿಡುತ್ತೆ, ಹೊಂಗೆ ಚಿಗುರುತ್ತೆ, ನಿಜ. ಅವಕ್ಕೆ ಬೇರು ಆಳದಲ್ಲಿದೆ. ಮೇಲಿನ ಒಂದಡಿ ಮಣ್ಣು ವರ್ಷದಲ್ಲೇ ಹೆಚ್ಚು ಒಣಗಿರೋದು ಈ ತಿಂಗಳುಗಳಲ್ಲಿ. ನರ್ಸರಿಯಿಂದ ಏಪ್ರಿಲ್‌ನಲ್ಲಿ ತಂದು ನೆಟ್ಟ ಸಸಿಗೆ ದಿನಾ ನೀರು ಹಾಕಬೇಕು, ಆ ನೀರು ಟ್ಯಾಂಕರಿಂದ ಬರಬೇಕು.

ಹಾಗಾಗಿ ನಮ್ಮ ಕಡೆ ವಸಂತದ ಕೆಲಸ ಗಿಡ ನೆಡೋದಲ್ಲ, ಗಿಡ ಬರೋ ಮುಂಚೆ ಜಾಗ ಸಿದ್ಧ ಮಾಡೋದು. ಅಳತೆ, ನೀರಿನ ದಾರಿ, ಗೊಬ್ಬರ: ಈ ಮೂರು ಮುಗಿಸಿಟ್ಟರೆ ನೆಡೋ ಕೆಲಸವನ್ನು ಮಳೆ ಮಾಡಿಸಿಕೊಳ್ಳುತ್ತೆ. ಅಜ್ಜಿ ಹತ್ರ ಇದರ ಕ್ಯಾಲೆಂಡರೇ ಇದೆ. ಏಪ್ರಿಲ್ ಕೊನೆಗೆ ಭರಣಿ ಮಳೆ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರಾ, ಜೂನ್ 22ರ ಹೊತ್ತಿಗೆ ಆರಿದ್ರಾ. ಒಂದೊಂದು ಮಳೆಗೂ ಸುಮಾರು 14 ದಿನ. ಸೂರ್ಯ ಒಂದು ನಕ್ಷತ್ರ ದಾಟೋಕೆ ಅಷ್ಟು ದಿನ ಬೇಕು. 27 ನಕ್ಷತ್ರ, 365 ದಿನ, ಭಾಗಿಸಿ ನೋಡಿ.

ಮೊದಲ ಪಾಠ: ಅಳತೆ

ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 2 ಅಡಿ ಅಂತ ಇಟ್ಕೊಳ್ಳಿ. 40×18 ಅಡಿ ಹಿತ್ತಲು 20×9 ಸೆಂ.ಮೀ. ಆಗುತ್ತೆ, ಒಂದೇ ಹಾಳೆಗೆ ಸಾಕು. ಮೊದಲು ಗಿಡ ಬರೀಬೇಡಿ. ಅಲ್ಲಾಡಿಸೋಕಾಗದ ವಸ್ತುಗಳನ್ನ ಮೊದಲು ಗುರುತು ಹಾಕಿ: ಹಿಂಬಾಗಿಲು, ಬಚ್ಚಲ ನೀರು ಹೊರಗೆ ಬರೋ ಜಾಗ, ತಾರಸಿ ನೀರಿನ ಪೈಪು, ಬೋರು, ಸೆಪ್ಟಿಕ್ ಟ್ಯಾಂಕು, ಸಂಪು, ಪಕ್ಕದ ಮನೆಯಿಂದ ಈಚೆಗೆ ಬಾಗಿರೋ ಕೊಂಬೆ. ಸೆಪ್ಟಿಕ್ ಟ್ಯಾಂಕು ಎಲ್ಲಿದೆ ಅಂತ ಮನೇಲಿ ಯಾರಾದ್ರೂ ಒಬ್ಬರಿಗೇ ಗೊತ್ತಿರುತ್ತೆ. ಕೇಳಿ ಬರೆದಿಟ್ಕೊಳ್ಳಿ.

ಆಮೇಲೆ ಇಳಿಜಾರು. ಸರ್ವೇ ಲ್ಯಾಬಿನ ಮೆಷಿನ್ ಬೇಕಿಲ್ಲ. ಮೇಸ್ತ್ರಿಗಳು ಬಳಸೋ ಲೆವೆಲ್ ಪೈಪು, ಅಂದ್ರೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಎರಡು ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಆ ಮಟ್ಟದಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆದರೆ ಯಾವ ಜಾಗ ಎತ್ತರ, ಯಾವುದು ತಗ್ಗು ಗೊತ್ತಾಗುತ್ತೆ. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು, ಅಷ್ಟೇ. ನಾವು 4 ಅಡಿಗೊಂದು ಕಡೆ ಅಳೆದ್ವಿ. ಒಟ್ಟು ಹಿತ್ತಲು ಈಶಾನ್ಯ ಮೂಲೆ ಕಡೆಗೆ 5 ಇಂಚು ಇಳಿದಿದೆ. ಆದರೆ ಹಿಂಬಾಗಿಲಿಗೂ ಒಗೆಯೋ ಕಲ್ಲಿಗೂ ನಡುವೆ, ಸರಿಯಾಗಿ ಅಜ್ಜಿ ಜಾರಿದ ಜಾಗದಲ್ಲಿ, 2 ಇಂಚಿನ ಒಂದು ತಗ್ಗು. ಅದರ ಮೇಲ್ಗಡೆ ತಲೆ ಎತ್ತಿ ನೋಡಿದ್ರೆ ತಾರಸಿ ನೀರಿನ ಪೈಪು. ಇಡೀ ತಾರಸಿಯ ನೀರು ಬೀಳೋದು ಅಲ್ಲಿಗೇ.

ಅಂದ್ರೆ ಕೆಸರಿಗೆ ಕಾರಣ ಮಣ್ಣಲ್ಲ, ಪೈಪು. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿ ಪೈಪನ್ನ ಅಲ್ಲೇ ಬಿಟ್ಟರೆ ಅದೇ ಜಾಗದಲ್ಲಿ ಪಾಚಿ ಕಟ್ಟುತ್ತೆ. ಪಾಚಿ ಹಿಡಿದ ಸಿಮೆಂಟು ಕೆಸರಿಗಿಂತ ಜಾಸ್ತಿ ಜಾರುತ್ತೆ, ಬಿದ್ದರೆ ಮಣ್ಣಿಗಿಂತ ಜಾಸ್ತಿ ಪೆಟ್ಟೂ ಆಗುತ್ತೆ.

ಎರಡನೇ ಪಾಠ: ನೀರಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಇಷ್ಟೇ ಸೂತ್ರ. ಈ ಮನೆಯ ತಾರಸಿ ಸುಮಾರು 1,000 ಚದರ ಅಡಿ, ಅಂದ್ರೆ 93 ಚದರ ಮೀಟರ್. ಒಂದು ಇಂಚು, ಅಂದ್ರೆ 25 ಮಿ.ಮೀ. ಮಳೆ ಬಂದರೆ 2,325 ಲೀಟರ್. ತಾರಸಿ ಹೀರೋದು, ಸಿಡಿದು ಹೋಗೋದು ಕಳೆದರೆ 2,000 ಲೀಟರ್ ಅಂತ ಇಟ್ಕೊಳ್ಳೋಣ. ಹಿತ್ತಲು 720 ಚದರ ಅಡಿ, 67 ಚದರ ಮೀಟರ್. ಅಲ್ಲಿ ಬೀಳೋದು 1,675 ಲೀಟರ್. ಪೂರ್ತಿ ಸಿಮೆಂಟ್ ಹಾಕಿದ್ರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು, 1,500 ಲೀಟರ್, ಮೋರಿಗೆ ಹೋಗುತ್ತೆ. ಎರಡೂ ಸೇರಿ ಒಂದೇ ಮಳೆಯಲ್ಲಿ 3,500 ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ನೀರು ತರಿಸೋ ಮನೆ ಮಳೆಗಾಲದಲ್ಲಿ ಇಷ್ಟು ನೀರನ್ನ ಬೀದಿಗೆ ಕಳಿಸುತ್ತೆ.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರುಗಳು ಒಣಗಿ ಜನ ಟ್ಯಾಂಕರಿಗೆ ಕಾದಿದ್ದು ನಮಗೆಲ್ಲ ಗೊತ್ತು. ಅಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿ 2009ರಲ್ಲೇ ಕಾನೂನು ಬಂದಿದೆ. ಹೇಗೆ ಮಾಡೋದು ಅಂತ ಕಣ್ಣಾರೆ ನೋಡಬೇಕಂದ್ರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ನಮ್ಮ ಕ್ಲಬ್ಬಿನಿಂದ ಒಂದು ದಿನ ಹೋಗಬಹುದು.

ನಮ್ಮ ಹಿತ್ತಲಿಗೆ ಬೇಕಾಗಿರೋದು ಒಂದು ಇಂಗುಗುಂಡಿ. ಇಂಗು ಅಂದ್ರೆ ಒಗ್ಗರಣೆಗೆ ಹಾಕೋದು ಮಾತ್ರ ಅಲ್ಲ. ನೀರು ನೆಲದೊಳಗೆ ನಿಧಾನಕ್ಕೆ ಇಳಿಯೋದಕ್ಕೂ ಇಂಗು ಅಂತಾರೆ. ಈ ಅರ್ಥ ನಮ್ಮಲ್ಲಿ ಮೂವರಿಗೆ ಗೊತ್ತೇ ಇರಲಿಲ್ಲ, ಅಜ್ಜಿ ನಕ್ಕುಬಿಟ್ರು. 3 ಅಡಿ ಅಡ್ಡಳತೆಯ ಸಿಮೆಂಟ್ ರಿಂಗುಗಳನ್ನ 10 ಅಡಿ ಆಳಕ್ಕೆ ಇಳಿಸಿದ್ರೆ ಒಳಗೆ ಎಷ್ಟು ನೀರು ಹಿಡಿಯುತ್ತೆ? ಸುಮಾರು 70 ಘನ ಅಡಿ, ಅಂದ್ರೆ 2,000 ಲೀಟರ್. ತಾರಸಿಯ ಒಂದು ಇಂಚು ಮಳೆಗೆ ಸರಿಹೋಯ್ತು. ಬಿದ್ದ ನೀರು ತಳದಿಂದ, ರಿಂಗುಗಳ ಸಂದಿಯಿಂದ ಇಂಗುತ್ತಾ ಹೋಗುತ್ತೆ. ಅದಕ್ಕೇ ರಿಂಗುಗಳ ನಡುವೆ ಸಿಮೆಂಟ್ ಮೆತ್ತಬಾರದು, ತಳ ಮುಚ್ಚಬಾರದು, ಸುತ್ತ ಜಲ್ಲಿ ತುಂಬಬೇಕು.

ತೋಡೋ ಮುಂಚೆ ಒಂದು ಪರೀಕ್ಷೆ. ಒಂದಡಿ ಆಳದ ಚಿಕ್ಕ ಗುಂಡಿ ತೆಗೆದು ನೀರು ತುಂಬಿಸಿ, ಪೂರ್ತಿ ಇಂಗಲಿ. ಮತ್ತೆ ತುಂಬಿಸಿ, ಒಂದು ಇಂಚು ಇಳಿಯೋಕೆ ಎಷ್ಟು ನಿಮಿಷ ಅಂತ ನೋಡಿ. ಇಲ್ಲಿ 8 ನಿಮಿಷ ಬಂತು, ಕೆಂಪು ಮರಳುಮಿಶ್ರಿತ ಮಣ್ಣು. ಗಂಟೆಗಟ್ಟಲೆ ಇಳಿಯದೇ ನಿಂತರೆ ಮೇಲಿನ ಮಣ್ಣು ಜೇಡಿ. ಅಂಥ ಕಡೆ ಅನುಭವ ಇರೋರನ್ನ ಕೇಳದೆ ತೋಡಿಸಬೇಡಿ.

ಎಚ್ಚರಿಕೆಗಳು: ಗುಂಡಿ ಮನೆ ಪಾಯದಿಂದ 10 ಅಡಿಯಾದ್ರೂ ದೂರ ಇರಲಿ, ಸೆಪ್ಟಿಕ್ ಟ್ಯಾಂಕಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಬಚ್ಚಲ ನೀರು ಅದಕ್ಕೆ ಹೋಗಲೇಬಾರದು. ವರ್ಷದ ಮೊದಲ ಮಳೆಯಲ್ಲಿ ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಬರುತ್ತೆ, ಅದನ್ನ ಹೊರಗೆ ಬಿಡಿ. ಆಮೇಲಿನ ನೀರು ಜಲ್ಲಿ ಮರಳು ತುಂಬಿದ ಡ್ರಮ್ ದಾಟಿ ಗುಂಡಿಗೆ ಬರಲಿ. ಮೇಲೆ ಗಟ್ಟಿ ಮುಚ್ಚಳ ಬೇಕು, ಮಕ್ಕಳಿರೋ ಮನೆಯಾದ್ರೆ ಇನ್ನೂ ಗಟ್ಟಿ. ತೋಡೋ ಕೆಲಸ ಬಾವಿ ತೋಡಿ ಗೊತ್ತಿರೋರಿಗೇ ಬಿಡಿ. ಮಣ್ಣು ಕುಸಿದರೆ 10 ಅಡಿ ಆಳ ಆಟದ ಮಾತಲ್ಲ.

ಇದೊಂದು ಗುಂಡಿಯಿಂದ ಬೋರು ತುಂಬುತ್ತೆ ಅಂತ ನಾವು ಅಪ್ಪನಿಗೆ ಹೇಳಲಿಲ್ಲ. ನೆಲದೊಳಗಿನ ನೀರಿಗೆ ಕಾಂಪೌಂಡ್ ಇಲ್ಲ, ಇಲ್ಲಿ ಇಂಗಿದ್ದು ಪಕ್ಕದ ಮನೆ ಬೋರಿಗೂ ಹೋಗಬಹುದು. ಇದನ್ನ ಹೇಳಿದ್ದಕ್ಕೆ ಅಜ್ಜಿ, "ಹೋಗ್ಲಿ ಬಿಡ್ರೋ, ಅವರೂ ಕುಡೀಲಿ" ಅಂದ್ರು. ಬೀದಿಯ ಹತ್ತು ಮನೆಯೋರು ಹೀಗೆ ಅಂದರೆ ಆಗ ಲೆಕ್ಕ ಬೇರೆ.

ಮೂರನೇ ಪಾಠ: ಬಿಸಿಲಿನ ಲೆಕ್ಕ

ಯುಗಾದಿ ಹೊತ್ತಿಗೆ ಮಧ್ಯಾಹ್ನ ಈ ಹಿತ್ತಲಿನಲ್ಲಿ ನಿಂತರೆ ಎಲ್ಲ ಕಡೆ ಬಿಸಿಲೇ. ಮನೆಯ ನೆರಳು ತೀರಾ ಕಮ್ಮಿ. ತುಮಕೂರು ಇರೋದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 25ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಆಮೇಲೆ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ.

ಇದನ್ನೇ ನಂಬಿ ಪ್ಲಾನ್ ಮಾಡಿದ್ರೆ ಡಿಸೆಂಬರಿನಲ್ಲಿ ಕೈ ಕೊಡುತ್ತೆ. ಆಗ ಸೂರ್ಯ ದಕ್ಷಿಣಕ್ಕೆ 23.4 ಡಿಗ್ರಿ ಸರಿದಿರ್ತಾನೆ. 13.3 ಕೂಡಿಸಿದ್ರೆ ನೆತ್ತಿಯಿಂದ 36.7 ಡಿಗ್ರಿ. ಅದರ ಟ್ಯಾನ್ 0.745. ಪ್ಯಾರಾಪೆಟ್ ಸೇರಿ ಮನೆ 15 ಅಡಿ ಎತ್ತರ, ಹಾಗಾಗಿ ನೆರಳು 15 × 0.745, ಅಂದ್ರೆ 11 ಅಡಿ. ಹದಿನೆಂಟು ಅಡಿಯಲ್ಲಿ ಹನ್ನೊಂದು ಅಡಿ ನಡುಮಧ್ಯಾಹ್ನವೂ ನೆರಳು! ವರ್ಷ ಪೂರ್ತಿ ಬಿಸಿಲು ಸಿಗೋದು ಕಾಂಪೌಂಡ್ ಪಕ್ಕದ 7 ಅಡಿಗೆ ಮಾತ್ರ.

ಇದು ಯಾಕೆ ಮುಖ್ಯ ಅಂದ್ರೆ ಅಜ್ಜಿಗೆ ಅವರೆ ಚಪ್ಪರ ಬೇಕು. ಗೋಡೆಗೆ ಒರಗಿಸಿ ಹಾಕೋಣ ಅಂತ ಅವರ ಆಸೆ. ನಾಟಿ ಅವರೆ ಮಳೆಗಾಲದಲ್ಲಿ ಹಬ್ಬಿ, ಹಗಲು ಚಿಕ್ಕದಾದ ಮೇಲೆ ಹೂ ಬಿಟ್ಟು, ಡಿಸೆಂಬರ್ ಜನವರಿಯಲ್ಲಿ ಕಾಯಿ ಕೊಡೋ ಬಳ್ಳಿ. ಸರಿಯಾಗಿ ಕಾಯಿ ಕಟ್ಟೋ ಹೊತ್ತಿಗೆ ಗೋಡೆ ಪಕ್ಕ ಬಿಸಿಲೇ ಇರಲ್ಲ. ಚಪ್ಪರ ಕಾಂಪೌಂಡ್ ಕಡೆಗೆ ಹೋಗಲೇಬೇಕು. ನಿಮ್ಮ ಹಿತ್ತಲು ಬೇರೆ ದಿಕ್ಕಿಗಿದ್ರೆ ನೆರಳು ಬೇರೆ ಥರ ಬೀಳುತ್ತೆ. ಅಕ್ಷಾಂಶ, ಮನೆ ಎತ್ತರ, ದಿಕ್ಕು, ಈ ಮೂರು ಇದ್ರೆ ಲೆಕ್ಕ ಐದು ನಿಮಿಷದ್ದು.

ನಾಲ್ಕನೇ ಪಾಠ: ತರಗು ಮತ್ತು ಗೊಬ್ಬರ

ನಮ್ಮ ಕಡೆ ಎಲೆ ಉದುರೋದು ಮಾಘ ಫಾಲ್ಗುಣದಲ್ಲಿ. ಯುಗಾದಿ ಹೊತ್ತಿಗೆ ಬೀದಿ ತುಂಬ ತರಗು, ಅಂದ್ರೆ ಒಣಗಿದ ಎಲೆ. ಅದನ್ನ ಗುಡಿಸಿ ಬೆಂಕಿ ಹಾಕ್ತಾರೆ, ಎರಡೇ ತಿಂಗಳಿಗೆ ಅದೇ ಜನ ಗೊಬ್ಬರದ ಮೂಟೆ ಕೊಂಡು ತರ್ತಾರೆ. ಲೆಕ್ಕ ಮಾಡಿ: ಎಲೆಗೊಬ್ಬರ ಆಗೋಕೆ ಎರಡೂವರೆಯಿಂದ ಮೂರು ತಿಂಗಳು ಬೇಕು. ಯುಗಾದಿಗೆ ಶುರು ಮಾಡಿದ್ರೆ ಮೃಗಶಿರಾ, ಆರಿದ್ರಾ ಮಳೆ ಹೊತ್ತಿಗೆ ಸಿದ್ಧ. ತರಗು, ಗೊಬ್ಬರ, ಮಳೆ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಇವೆ.

ಇಟ್ಟಿಗೆಯನ್ನ ಸಂದಿ ಬಿಟ್ಟು ಜೋಡಿಸಿ 3×3 ಅಡಿ ತೊಟ್ಟಿ ಮಾಡಿ. ಮೂರು ಬುಟ್ಟಿ ತರಗಿಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ, ಮೇಲೆ ಸಗಣಿ ಬಗ್ಗಡ. ಬಗ್ಗಡ ಅಂದ್ರೆ ನೀರಲ್ಲಿ ಕದಡಿದ್ದು. ಹಿಂಡಿದ ಬಟ್ಟೆಯಷ್ಟು ತೇವ ಇರಲಿ, ಹತ್ತು ದಿನಕ್ಕೊಮ್ಮೆ ತಿರುವಿ ಹಾಕಿ. ವಾಸನೆ ಬಂದರೆ ಹಸಿ ಜಾಸ್ತಿ ಆಗಿದೆ, ತರಗು ಸೇರಿಸಿ. ಕೊಳೀತಾನೇ ಇಲ್ಲ ಅಂದ್ರೆ ಒಣಗಿದೆ, ಬಗ್ಗಡ ಹಾಕಿ. ತೊಟ್ಟಿ ಬಾಗಿಲಿಂದ ದೂರ ಇರಲಿ. ತರಗಿನ ರಾಶಿಗೆ ಹಾವು ಬರುತ್ತೆ ಅನ್ನೋ ಅಪ್ಪನ ಭಯ ಸುಳ್ಳಲ್ಲ. ಹಾಗಾಗಿ ರಾಶಿ ಬೇಡ, ತೊಟ್ಟಿ ಬೇಕು.

ಐದನೇ ಪಾಠ: ಯಾವುದು ಎಲ್ಲಿ

ಈಗ ಗ್ರಾಫ್ ಹಾಳೆಗೆ ಗಿಡ ಬರಬಹುದು.

ಬಚ್ಚಲ ನೀರು ಹೊರಗೆ ಬರೋ ಕಡೆ ಬಾಳೆ ಮತ್ತು ಕೆಸು. ಐದು ಜನ, ತಲೆಗೆ ಎರಡು ಬಕೆಟ್ ಅಂದ್ರೂ ದಿನಕ್ಕೆ 150 ಲೀಟರ್. ಬೇಸಿಗೆಯಲ್ಲೂ ತಪ್ಪದ ನೀರು ಇದೊಂದೇ. ಆ ನೀರು ಎಲ್ಲೂ ನಿಲ್ಲಬಾರದು, ನಿಂತರೆ ಸೊಳ್ಳೆ. ಸೊಪ್ಪಿಗೆ, ಮೂಲಂಗಿ ಕ್ಯಾರೆಟ್‌ಗೆ ಹಾಕಬೇಡಿ.

ಕಾಂಪೌಂಡ್ ಪಕ್ಕದ 7 ಅಡಿ ಬಿಸಿಲು ಪಟ್ಟಿಯಲ್ಲಿ ಅವರೆ ಚಪ್ಪರ, ಬೆಂಡೆ, ಬದನೆ, ಮೆಣಸಿನಕಾಯಿ. ಬೆಂಡೆಗೆ ಹಳದಿ ನಂಜು ರೋಗದ ಕಾಟ ಜಾಸ್ತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ತಳಿಯನ್ನ ಅದನ್ನ ತಡೆಯೋಕಂತಲೇ ಮಾಡಿದ್ದು. ಇದೇ ಪಟ್ಟಿಯ ಈಶಾನ್ಯ ಮೂಲೆಯಲ್ಲಿ, ನೀರು ತಾನಾಗೇ ಹರಿದು ಬರೋ ತಗ್ಗಿನಲ್ಲಿ, ಇಂಗುಗುಂಡಿ.

ಮನೆ ಗೋಡೆ ಪಕ್ಕದ ನೆರಳಿಗೆ ಒಂದೆಲಗ, ದೊಡ್ಡಪತ್ರೆ, ಪುದೀನ, ವೀಳ್ಯದೆಲೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ, ಆದರೆ ಈ ಮನೇಲಿ ಕೆಮ್ಮು ಬಂದ್ರೆ ಎಲ್ಲರೂ ಮೊದಲು ಓಡೋದು ದೊಡ್ಡಪತ್ರೆ ಹತ್ರಾನೇ.

ನುಗ್ಗೆ ಒಂದೇ ಒಂದು, ವಾಯವ್ಯ ಮೂಲೆಯಲ್ಲಿ. ಅದರ ಕೊಂಬೆ ಗಾಳಿಗೆ ಲಟಕ್ ಅಂತ ಮುರಿಯುತ್ತೆ, ಬಟ್ಟೆ ತಂತಿ ಮೇಲೆ, ಜನ ಓಡಾಡೋ ಕಡೆ ಬೇಡ. ಮಾವು, ಹಲಸು 18 ಅಡಿ ಹಿತ್ತಲಿಗೆ ಆಗಲ್ಲ. ಆಸೆ ಇದ್ದರೂ ಬಿಡಬೇಕು.

ಸಿಮೆಂಟಿನ ಪ್ರಶ್ನೆಗೆ ಉತ್ತರ

ಅಪ್ಪನ ಕಾಳಜಿಗೆ ಪ್ಲಾನಿನಲ್ಲಿ ಜಾಗ ಇಲ್ಲದಿದ್ರೆ ಅದು ಪ್ಲಾನೇ ಅಲ್ಲ. ಅಜ್ಜಿ ಇನ್ನೊಂದು ಸಲ ಬೀಳಬಾರದು. ಹಾಗಾಗಿ ಹಿಂಬಾಗಿಲಿಂದ ಒಗೆಯೋ ಕಲ್ಲಿನವರೆಗೆ 3 ಅಡಿ ಅಗಲ, 12 ಅಡಿ ಉದ್ದದ ದಾರಿ. ಕಲ್ಲಿನ ಸುತ್ತ 6×6 ಅಡಿ ಕಟ್ಟೆ. ಎರಡಕ್ಕೂ ಒರಟು ಮುಖದ ಕಲ್ಲು ಚಪ್ಪಡಿ, ಅಡಿಗೆ ಕಾಲು ಇಂಚು ಇಳಿಜಾರು, ಪಕ್ಕದಲ್ಲಿ ಕೈ ಹಿಡಿಯೋಕೆ ಒಂದು ಕಬ್ಬಿಣದ ಪೈಪು. ಪೈಪಿನ ಐಡಿಯಾ ಅಮ್ಮನದು, ನಮಗೆ ಹೊಳೆದಿರಲಿಲ್ಲ. ಲೆಕ್ಕ ಹಾಕಿದ್ರೆ 36 + 36 = 72 ಚದರ ಅಡಿ, ಇಡೀ ಹಿತ್ತಲಿನ ಹತ್ತನೇ ಒಂದು ಪಾಲು. ಎಲ್ಲಕ್ಕಿಂತ ಮೊದಲು ತಾರಸಿ ಪೈಪನ್ನ ಬಾಗಿಲಿಂದ ಆಚೆ ತಿರುಗಿಸಬೇಕು, 2 ಇಂಚು ತಗ್ಗಿಗೆ ಮಣ್ಣು ತುಂಬಿ ಗುದ್ದಬೇಕು.

ಅಪ್ಪ ಹಾಳೆಯನ್ನ ತುಂಬ ಹೊತ್ತು ನೋಡಿದ್ರು. ಆಮೇಲೆ ಒಂದು ಷರತ್ತು ಹಾಕಿದ್ರು. ಒಂದು ಮಳೆಗಾಲ ನೋಡೋಣ. ಜೋರು ಮಳೆ ನಿಂತು ಒಂದು ಗಂಟೆ ಆದ ಮೇಲೂ ಹಿಂಬಾಗಿಲ ಹತ್ರ ನೀರು ನಿಂತಿದ್ರೆ ದೀಪಾವಳಿಗೆ ಸಿಮೆಂಟ್, ಯಾರೂ ಮಾತಾಡಂಗಿಲ್ಲ. ನಮಗೆ ಇದು ನ್ಯಾಯ ಅನ್ನಿಸ್ತು. ಅಳೆಯೋಕಾಗುವ ಷರತ್ತು. ಜೊತೆಗೆ ಸಿಮೆಂಟನ್ನ ಯಾವತ್ತು ಬೇಕಾದ್ರೂ ಹಾಕಬಹುದು, ಹಾಕಿದ ಮೇಲೆ ಒಡೆದು ಮಣ್ಣು ವಾಪಸ್ ತರೋದು ಯಾರೂ ಮಾಡಲ್ಲ. ವಾಪಸ್ ತಗೊಳ್ಳೋಕಾಗದ ಕೆಲಸವನ್ನ ಕೊನೆಗೆ ಇಟ್ಕೊಳ್ಳೋದೇ ಒಳ್ಳೇದು.

ನಿಮ್ಮ ಮನೆಗೆಲಸ

ಯುಗಾದಿ ವಾರ: ಅಳತೆ, ಗ್ರಾಫ್, ಲೆವೆಲ್ ಪೈಪು, ಇಂಗೋ ಪರೀಕ್ಷೆ. ತರಗು ಗುಡಿಸಿ ತೊಟ್ಟಿ ಶುರು.

ಏಪ್ರಿಲ್: ತಾರಸಿ ಪೈಪು, ದಾರಿ, ಇಂಗುಗುಂಡಿ. ಭರಣಿ ಮಳೆಗೆ ಮುಂಚೆ ಅಗೆಯೋ ಕೆಲಸ ಮುಗೀಬೇಕು.

ಮೇ: ಪಾತಿ ಮಾಡಿ, ಮೊದಲ ಮಳೆಯಲ್ಲಿ ನೀರು ಎಲ್ಲಿ ಹೋಗುತ್ತೆ ಅಂತ ಕೊಡೆ ಹಿಡಿದು ನಿಂತು ನೋಡಿ. ಕಾಗದದ ಇಳಿಜಾರಿಗೂ ನಿಜವಾದ ಇಳಿಜಾರಿಗೂ ವ್ಯತ್ಯಾಸ ಆಗ ಗೊತ್ತಾಗುತ್ತೆ.

ಜೂನ್: ಗೊಬ್ಬರ ಜರಡಿ ಹಿಡಿದು ಪಾತಿಗೆ ಹಾಕಿ. ಈಗ ನೆಡಿ.

ಅಳತೆ ಮಾಡುವಾಗ ಮನೆಯ ಹಿರಿಯರನ್ನ ಜೊತೆಗೆ ನಿಲ್ಲಿಸಿಕೊಳ್ಳಿ. ನೀರು ಎಲ್ಲಿ ನಿಲ್ಲುತ್ತೆ, ಯಾವ ಮೂಲೆಯಲ್ಲಿ ಏನು ಬೆಳೀತಿತ್ತು ಅನ್ನೋ ಡೇಟಾ ಅವರ ತಲೆಯಲ್ಲಿದೆ, ಬೇರೆಲ್ಲೂ ಇಲ್ಲ. ಅವರು ಬಳಸೋ ಪದಗಳನ್ನೂ ಬರೆದುಕೊಳ್ಳಿ. ಪಾತಿ, ಬಗ್ಗಡ, ತರಗು, ಇಂಗು ನಮಗೆ ಸಿಕ್ಕಿದ್ದು ಹಾಗೇ. ನಿಮ್ಮ ಹಿತ್ತಲಿನ ಗ್ರಾಫ್ ಹಾಳೆಯ ಫೋಟೋ, ಜೊತೆಗೆ ನಿಮ್ಮೂರಿನ ನಾಲ್ಕು ಪದ ನಮ್ಮ ಕ್ಲಬ್ಬಿಗೆ ಕಳಿಸಿ. ಅಜ್ಜಿಯ ಹಿಂಬಾಗಿಲಲ್ಲಿ ನೀರು ನಿಂತಿತೋ ಇಲ್ಲವೋ ಅನ್ನೋದನ್ನ ಮಳೆಗಾಲ ಮುಗಿದ ಮೇಲೆ ನಾವೂ ಬರೀತೀವಿ.